ಆರು ಜನರ ಒಂದೇ ತಪ್ಪು ಮತ್ತು ಜಾನ್ಸ್ಕಿಯ ತಿರುಗುವ ಆಂಟೆನಾ

ಆರನೇ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್‌ನ ಹಿಂದಿನ ರಾತ್ರಿ. ಹಾಸ್ಟೆಲ್‌ನ ಕೊನೆಯ ರೂಮಿನಲ್ಲಿ ನಾವು ಆರು ಜನ ಕಂಬೈನ್ಡ್ ಸ್ಟಡಿಗೆ ಕೂತಿದ್ದೆವು. ವಿಷಯ ಆಂಟೆನಾ. ಅದರಲ್ಲಿ ಆಂಟೆನಾ ಅರೇ ಎಂಬ ಪಾಠವನ್ನು ಆರು ಜನರಲ್ಲಿ ಒಬ್ಬರೂ ನೆಟ್ಟಗೆ ಓದಿರಲಿಲ್ಲ. ಆದರೂ ಧೈರ್ಯವೋ ಧೈರ್ಯ! ಆರು ತಲೆ ಸೇರಿದರೆ ಏನಾದರೂ ಹೊಳೆದೇ ಹೊಳೆಯುತ್ತದೆ ಎಂಬ ನಂಬಿಕೆ. ಎರಡು ಫ್ಲಾಸ್ಕ್ ಟೀ ಖಾಲಿಯಾಯಿತು, ಬೆಳಗೂ ಆಯಿತು.

ಪ್ರಶ್ನೆ ಹೀಗಿತ್ತು. ನೆಟ್ಟಗೆ ನಿಲ್ಲಿಸಿದ ನಾಲ್ಕು ಡೈಪೋಲ್‌ಗಳು ಅಕ್ಕಪಕ್ಕದಲ್ಲಿ ಒಂದೇ ಸಾಲಿನಲ್ಲಿವೆ. ನಾಲ್ಕಕ್ಕೂ ಒಂದೇ ಹೊತ್ತಿಗೆ ಒಂದೇ ಪ್ರಮಾಣದ ಸಿಗ್ನಲ್ ಕೊಟ್ಟಿದೆ. ನೆತ್ತಿಯ ದಿಕ್ಕಿಗೆ, ಅಂದರೆ ನೇರ ಮೇಲಕ್ಕೆ, ಎಷ್ಟು ವಿಕಿರಣ ಹೋಗುತ್ತದೆ? ನಾವು ಆರೂ ಜನ ಅರೇ ಫ್ಯಾಕ್ಟರ್ ಎಂಬ ಸೂತ್ರ ಹಾಕಿ, ಪುಟ ತುಂಬ ಲೆಕ್ಕ ಮಾಡಿ, ಅತಿ ಹೆಚ್ಚು ಎಂದು ಬರೆದು ಬಂದೆವು. ಸರಿಯುತ್ತರ ಸೊನ್ನೆ. ನಮಗೆ ಬಂದ ಅಂಕವೂ ಸೊನ್ನೆ.

ಪೇಪರ್ ಕೊಟ್ಟ ದಿನ ಮೇಡಂ ಬೈಯಲಿಲ್ಲ. ಅದೇ ನಮಗೆ ಹೆಚ್ಚು ಭಯ ಹುಟ್ಟಿಸಿತು. ಬೋರ್ಡ್ ಮೇಲೆ ಒಂದು ವಿಚಿತ್ರ ಚಿತ್ರ ಬರೆದರು. ನಾಲ್ಕು ಕಾರಿನ ಚಕ್ರ, ಅದರ ಮೇಲೆ ಮರದ ಉದ್ದನೆಯ ಚೌಕಟ್ಟು, ಅದರ ತುಂಬ ಅಂಕುಡೊಂಕು ಗೆರೆ. ಈ ಗಾಡಿಯನ್ನು ಕಟ್ಟಿದವನ ಕಥೆ ಓದಿಕೊಂಡು ಬನ್ನಿ, ನಿಮ್ಮ ತಪ್ಪು ತಾನಾಗಿ ಅರ್ಥವಾಗುತ್ತದೆ ಎಂದು ಹೇಳಿ ಹೊರಟುಹೋದರು. ಹಾಗೆ ನನಗೆ ಪರಿಚಯವಾದವನು ಕಾರ್ಲ್ ಜಾನ್ಸ್ಕಿ. ಆತ ತೀರಿಕೊಂಡು ಎಪ್ಪತ್ತು ವರ್ಷದ ಮೇಲಾಯಿತು. ಆದರೆ ಆ ವಾರವಿಡೀ ಆತ ನಮ್ಮ ಹಾಸ್ಟೆಲ್ ರೂಮಿನ ಏಳನೆಯ ಸದಸ್ಯನಂತೆ ನನ್ನ ಜೊತೆಗಿದ್ದ.

ಜಾನ್ಸ್ಕಿ ಹುಟ್ಟಿದ್ದು 1905ರ ಅಕ್ಟೋಬರ್ 22ರಂದು, ಅಮೆರಿಕದ ಒಕ್ಲಹೋಮಾದ ನಾರ್ಮನ್ ಎಂಬ ಊರಿನಲ್ಲಿ. ಆಗಿನ್ನೂ ಒಕ್ಲಹೋಮಾ ಒಂದು ರಾಜ್ಯವೇ ಆಗಿರಲಿಲ್ಲ. ಅಪ್ಪ ಎಂಜಿನಿಯರಿಂಗ್ ಮೇಷ್ಟ್ರು. ತಮಗೆ ಕಲಿಸಿದ ಪ್ರೊಫೆಸರ್ ಕಾರ್ಲ್ ಗುಥೆ ಅವರ ನೆನಪಿಗೆ ಮಗನಿಗೆ ಕಾರ್ಲ್ ಗುಥೆ ಜಾನ್ಸ್ಕಿ ಎಂದು ಹೆಸರಿಟ್ಟರು. ಮುಂದೆ ಅಪ್ಪನಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೆಲಸವಾಯಿತು. ಮಗ ಅಲ್ಲೇ ಓದಿ 1927ರಲ್ಲಿ ಭೌತಶಾಸ್ತ್ರದ ಪದವಿ ಪಡೆದ. ಓದಿನ ಜೊತೆಗೆ ಐಸ್ ಹಾಕಿ ಆಡುತ್ತಿದ್ದ. ಆದರೆ ಕಾಲೇಜಿನ ದಿನಗಳಲ್ಲೇ ಮೂತ್ರಪಿಂಡದ ಕಾಯಿಲೆ ಅಂಟಿಕೊಂಡಿತು. ಅದು ಕೊನೆಯವರೆಗೂ ಬಿಡಲಿಲ್ಲ.

1928ರಲ್ಲಿ ಬೆಲ್ ಲ್ಯಾಬ್ಸ್‌ಗೆ ಸೇರುವಾಗಲೂ ಈ ಕಾಯಿಲೆ ಅಡ್ಡಬಂತು. ರೇಡಿಯೋ ಎಂಜಿನಿಯರ್ ಆಗಿದ್ದ ಅಣ್ಣ ಮಧ್ಯೆ ಬಂದು ಮಾತನಾಡಿದ ಮೇಲೆ ಕೆಲಸ ಸಿಕ್ಕಿತು. ಆರೋಗ್ಯದ ದೃಷ್ಟಿಯಿಂದ ನ್ಯೂಯಾರ್ಕ್ ನಗರದ ಗದ್ದಲ ಬೇಡವೆಂದು ನ್ಯೂಜೆರ್ಸಿಯ ಹಳ್ಳಿಗಾಡಿನ ಪ್ರಯೋಗಾಲಯಕ್ಕೆ ಕಳಿಸಿದರು. ಮುಂದೆ ಆ ಪ್ರಯೋಗಾಲಯ ಹೋಮ್‌ಡೆಲ್ ಎಂಬ ಊರಿಗೆ ಹೋಯಿತು. ಸುತ್ತ ಆಲೂಗಡ್ಡೆ ಹೊಲ, ಬಯಲು. ಕಾಯಿಲೆಯ ಹುಡುಗನಿಗೆಂದು ಹುಡುಕಿದ ಜಾಗವೇ ಆಕಾಶಕ್ಕೆ ಕಿವಿಗೊಡಲು ತಕ್ಕ ಜಾಗವೂ ಆಯಿತು.

ಕಂಪನಿ ಕೊಟ್ಟ ಕೆಲಸ ಆಕಾಶದ್ದೇನೂ ಅಲ್ಲ. 1927ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ರೇಡಿಯೋ ಅಲೆಗಳ ಮೂಲಕ ದೂರವಾಣಿ ಶುರುವಾಗಿತ್ತು. ಮೂರು ನಿಮಿಷದ ಮಾತಿಗೆ 75 ಡಾಲರ್! ಅಷ್ಟು ದುಡ್ಡು ಕೊಟ್ಟು ಮಾತಾಡುವಾಗ ನಡುವೆ ಗೊರಗೊರ ಸದ್ದು ಬಂದರೆ ಯಾರು ಸಹಿಸುತ್ತಾರೆ? ಶಾರ್ಟ್‌ವೇವ್‌ನಲ್ಲಿ ಈ ಸದ್ದು ಯಾವ ದಿಕ್ಕಿನಿಂದ ಬರುತ್ತದೆ ಎಂದು ಪತ್ತೆ ಮಾಡಿ ಕೊಡು, ಇಷ್ಟೇ ಜಾನ್ಸ್ಕಿಯ ಕೆಲಸ.

ದಿಕ್ಕು ಬೇಕೆಂದರೆ ದಿಕ್ಕು ಗೊತ್ತಿರುವ ಆಂಟೆನಾ ಬೇಕು. ಮೇಡಂ ಬರೆದ ಗಾಡಿ ಇದೇ. ಸುಮಾರು 30 ಮೀಟರ್ ಉದ್ದ, 6 ಮೀಟರ್ ಎತ್ತರ. ಮರದ ಚೌಕಟ್ಟಿಗೆ ಲೋಹದ ಕೊಳವೆಗಳನ್ನು ಕಟ್ಟಿ, ಇಡೀ ಚೌಕಟ್ಟನ್ನು ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರಗಳ ಮೇಲೆ ಕೂರಿಸಿದ್ದ. ಮೋಟಾರ್ ಅದನ್ನು ವೃತ್ತಾಕಾರದ ಹಾದಿಯ ಮೇಲೆ 20 ನಿಮಿಷಕ್ಕೊಮ್ಮೆ ಒಂದು ಸುತ್ತು ತಿರುಗಿಸುತ್ತಿತ್ತು. ಜೊತೆಯವರು ಅದಕ್ಕೆ ಮೆರ್ರಿ-ಗೋ-ರೌಂಡ್ ಎಂದು ಹೆಸರಿಟ್ಟರು. ನಮ್ಮ ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮರದ ಕುದುರೆಗಳು ಸುತ್ತುತ್ತವಲ್ಲ, ಅದು.

ನಮ್ಮ ಸೊನ್ನೆಯ ಗುಟ್ಟು ಅಡಗಿದ್ದು ಇದರೊಳಗೇ. ಅದು ನನಗೆ ಹೊಳೆದದ್ದು ಭಾನುವಾರ ಬೆಳಿಗ್ಗೆ ಮೆಸ್‌ನಲ್ಲಿ, ತಟ್ಟೆಯಲ್ಲಿ ಉದ್ದಿನ ವಡೆ ಇದ್ದಾಗ.

ನೆಟ್ಟಗೆ ನಿಂತ ಒಂದು ತಂತಿ ಎಲ್ಲ ದಿಕ್ಕಿಗೂ ಒಂದೇ ರೀತಿ ಕಿವಿಗೊಡುವುದಿಲ್ಲ. ಸುತ್ತಮುತ್ತ ಚೆನ್ನಾಗಿ ಕೇಳುತ್ತದೆ. ತನ್ನ ಉದ್ದದ ದಿಕ್ಕಿಗೆ, ಅಂದರೆ ನೇರ ತಲೆಯ ಮೇಲಿಂದ ಬಂದದ್ದಕ್ಕೆ, ಅದು ಪೂರ್ತಿ ಕಿವುಡು. ತಟ್ಟೆಯಲ್ಲಿ ಮಲಗಿದ ವಡೆಯ ತೂತಿಗೆ ಒಂದು ಕಡ್ಡಿ ನಿಲ್ಲಿಸಿ. ಕಡ್ಡಿಯೇ ತಂತಿ, ವಡೆಯೇ ಅದು ಕೇಳಿಸಿಕೊಳ್ಳುವ ವ್ಯಾಪ್ತಿ. ಸುತ್ತ ಎಲ್ಲ ಕಡೆ ವಡೆ ಇದೆ, ಕಡ್ಡಿಯ ತುದಿಯ ಕಡೆಗೆ ಏನೂ ಇಲ್ಲ. ಪುಸ್ತಕದ ಭಾಷೆಯಲ್ಲಿ ಇದು ಎಲಿಮೆಂಟ್ ಪ್ಯಾಟರ್ನ್, ಒಂಟಿ ತಂತಿಯ ಸ್ವಭಾವ.

ಈಗ ಇಂಥ ತಂತಿಗಳನ್ನು ಅಕ್ಕಪಕ್ಕ ಸಾಲಾಗಿ ನಿಲ್ಲಿಸೋಣ. ಸಾಲಿನ ಎದುರಿನಿಂದ ಬಂದ ಅಲೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಮುಟ್ಟುತ್ತದೆ. ಎಲ್ಲವೂ ಸೇರಿ ಜೋರಾಗುತ್ತದೆ. ಸಾಲಿನ ತುದಿಯ ಕಡೆಯಿಂದ ಬಂದ ಅಲೆ ಒಂದನ್ನು ಮೊದಲು, ಇನ್ನೊಂದನ್ನು ಆಮೇಲೆ ಮುಟ್ಟುತ್ತದೆ. ಒಂದರಲ್ಲಿ ಏರು, ಇನ್ನೊಂದರಲ್ಲಿ ಇಳಿ, ಸೇರಿದಾಗ ಅಳಿಸಿಹೋಗುತ್ತವೆ. ಹಾಗಾದರೆ ಸಾಲು ಯಾವ ದಿಕ್ಕನ್ನು ಉಳಿಸಿಕೊಳ್ಳುತ್ತದೆ? ಎದುರು, ಹಿಂದೆ ಮತ್ತು ನೆತ್ತಿ. ನೆತ್ತಿಯಿಂದ ಬಂದ ಅಲೆಯೂ ಎಲ್ಲ ತಂತಿಗಳನ್ನು ಒಟ್ಟಿಗೇ ಮುಟ್ಟುತ್ತದಲ್ಲವೇ? ಸಾಲಿಗೆ ಅಡ್ಡಲಾಗಿ ನಿಲ್ಲಿಸಿದ ಚಪಾತಿಯನ್ನು ಕಲ್ಪಿಸಿಕೊಳ್ಳಿ. ಇದು ಅರೇ ಫ್ಯಾಕ್ಟರ್, ಗುಂಪಿನ ಸ್ವಭಾವ. ನಾವು ಆರು ಜನ ಲೆಕ್ಕ ಹಾಕಿದ್ದು ಇದನ್ನು ಮಾತ್ರ.

ನಿಜವಾದ ಉತ್ತರಕ್ಕೆ ಎರಡನ್ನೂ ಗುಣಿಸಬೇಕು. ಪ್ರತಿ ದಿಕ್ಕಿನಲ್ಲೂ ವಡೆ ಎಷ್ಟಿದೆ, ಚಪಾತಿ ಎಷ್ಟಿದೆ ನೋಡಿ ಗುಣಾಕಾರ. ನೆತ್ತಿಯಲ್ಲಿ ಗುಂಪು ಪೂರ್ತಿ ಜೋರು, ಆದರೆ ಒಂಟಿ ತಂತಿ ಸೊನ್ನೆ. ಸೊನ್ನೆಯನ್ನು ನಾಲ್ಕರಿಂದ ಗುಣಿಸಿದರೂ ಸೊನ್ನೆ, ನಾಲ್ಕು ಸಾವಿರದಿಂದ ಗುಣಿಸಿದರೂ ಸೊನ್ನೆ. ಒಂದು ತಂತಿ ಕಿವುಡಾದ ದಿಕ್ಕಿಗೆ ಅದೇ ರೀತಿ ನಿಂತ ಎಲ್ಲ ತಂತಿಗಳೂ ಕಿವುಡೇ. ಆ ರಾತ್ರಿ ಆರು ಜನ ಕೂತು ಓದಿದ್ದು ನೆನಪಾಗಿ ನಗು ಬಂತು. ಒಬ್ಬರಿಗೂ ಗೊತ್ತಿಲ್ಲದ ಪಾಠ ಆರು ಜನ ಸೇರಿದ ಮಾತ್ರಕ್ಕೆ ಹೇಗೆ ಗೊತ್ತಾಗಬೇಕು?

ಇಷ್ಟೇ ಅಲ್ಲ. ಬೇಡದ ಕಡೆ ಚದುರಿಹೋಗದೆ ಒಂದೇ ದಿಕ್ಕಿಗೆ ಎಷ್ಟು ಗಮನ ಕೂಡಿಸುತ್ತದೆ ಎಂಬುದನ್ನು ಡೈರೆಕ್ಟಿವಿಟಿ ಎನ್ನುತ್ತಾರೆ. ಅರ್ಧ ತರಂಗಾಂತರದ ಒಂಟಿ ಡೈಪೋಲ್‌ನ ಡೈರೆಕ್ಟಿವಿಟಿ 1.64. ನಾಲ್ಕಿದ್ದರೆ ನಾಲ್ಕರಿಂದ ಗುಣಿಸಿದರಾಯಿತು ಎಂದು ನಾನು ತಿಳಿದಿದ್ದೆ. ಅದೂ ತಪ್ಪು. ಗುಣಿಸಬೇಕಾದ್ದು ಪ್ರತಿ ದಿಕ್ಕಿನ ಪ್ಯಾಟರ್ನ್‌ಗಳನ್ನು, ಕೊನೆಯ ಸಂಖ್ಯೆಗಳನ್ನಲ್ಲ. ಡೈಪೋಲ್‌ಗಳನ್ನು ಅಕ್ಕಪಕ್ಕ ಇಟ್ಟರೆ ಸಾಲು ಒಂದು ಕಡೆಯ ಹರವನ್ನು ಕತ್ತರಿಸುತ್ತದೆ, ಒಂಟಿ ತಂತಿಯ ಸ್ವಭಾವ ಮತ್ತೊಂದು ಕಡೆಯ ಹರವನ್ನು ಕತ್ತರಿಸುತ್ತದೆ. ಇಬ್ಬರೂ ಬೇರೆ ಬೇರೆ ಕೆಲಸ ಮಾಡುತ್ತಾರೆ, ಲಾಭ ಹೆಚ್ಚು. ಅವನ್ನೇ ಒಂದರ ತಲೆಯ ಮೇಲೊಂದು ಉದ್ದಕ್ಕೆ ಪೇರಿಸಿದರೆ ಚಪಾತಿಯೂ ವಡೆಯ ಹಾಗೆ ಮಲಗಿಬಿಡುತ್ತದೆ. ಗುಂಪು ಈಗಾಗಲೇ ಕತ್ತರಿಸಿದ್ದನ್ನೇ ತಂತಿಯೂ ಕತ್ತರಿಸಲು ಹೋಗುತ್ತದೆ. ತಂತಿಯಿಂದ ಸಿಗುವ ಹೆಚ್ಚಿನ ಲಾಭ ಅಷ್ಟಕ್ಕಷ್ಟೆ.

ಜಾನ್ಸ್ಕಿ ಆರಿಸಿಕೊಂಡದ್ದು ಎಡ್ಮಂಡ್ ಬ್ರೂಸ್ ಎಂಬ ಬೆಲ್ ಎಂಜಿನಿಯರ್ ರೂಪಿಸಿದ ವಿನ್ಯಾಸವನ್ನು. ಬ್ರೂಸ್ ಅರೇ ಎಂದೇ ಅದರ ಹೆಸರು. ಒಂದೇ ವಾಹಕ ಮೇಲೆ ಹೋಗಿ, ಅಡ್ಡ ತಿರುಗಿ, ಕೆಳಗಿಳಿದು, ಮತ್ತೆ ಅಡ್ಡ ತಿರುಗಿ ಕೋಟೆಯ ತೆನೆಯ ಹಾಗೆ ಸಾಗುತ್ತದೆ. ಒಂದೊಂದು ತುಂಡೂ ಕಾಲು ತರಂಗಾಂತರ. ನಿಂತ ತುಂಡುಗಳಲ್ಲಿ ವಿದ್ಯುತ್ ಒಟ್ಟಿಗೆ ಒಂದೇ ಕಡೆ ಹರಿಯುವುದರಿಂದ ಅವು ಸೇರಿ ಬಲವಾಗುತ್ತವೆ. ಮಲಗಿದ ತುಂಡುಗಳ ಪ್ರಭಾವ ಒಂದನ್ನೊಂದು ಅಳಿಸುತ್ತದೆ. ಹೀಗೆ ಅದು ನೆಟ್ಟಗೆ ನಿಂತ ತಂತಿಗಳ ಸಾಲಿನಂತೆಯೇ ಕೆಲಸ ಮಾಡುತ್ತದೆ. ಹಿಂದಿನಿಂದ ಬರುವುದನ್ನು ತಡೆಯಲು ಕಾಲು ತರಂಗಾಂತರ ದೂರದಲ್ಲಿ ಅಂಥದೇ ಇನ್ನೊಂದು ಸಾಲು, ಪ್ರತಿಫಲಕವಾಗಿ. ನೆತ್ತಿಯನ್ನು ತಂತಿಯ ಸ್ವಭಾವ ಅಳಿಸಿತು, ಪಕ್ಕಗಳನ್ನು ಸಾಲು ಅಳಿಸಿತು, ಬೆನ್ನನ್ನು ಪ್ರತಿಫಲಕ ಅಳಿಸಿತು. ಉಳಿದದ್ದು ಎದುರಿನ ದಿಕ್ಕು ಒಂದೇ. ಸಮುದ್ರದಾಚೆಯ ಸಿಗ್ನಲ್‌ಗಳು ದಿಗಂತದಿಂದ ತುಸು ಮೇಲಷ್ಟೇ ಬರುವುದರಿಂದ ದೂರವಾಣಿ ಕಂಪನಿಗೆ ಬೇಕಾದದ್ದೂ ಅದೇ.

ಆತ ಕೇಳಿದ್ದು 20.5 ಮೆಗಾಹರ್ಟ್ಸ್‌ನಲ್ಲಿ. ತರಂಗಾಂತರ 14.6 ಮೀಟರ್. ಅಂದರೆ ಆಂಟೆನಾದ ಉದ್ದ ಎರಡು ತರಂಗಾಂತರ. 1931ರಿಂದ ಕಾಗದದ ಸುರುಳಿಯ ಮೇಲೆ ದಾಖಲೆಗಳು ಬೀಳತೊಡಗಿದವು. ಮೂರು ಬಗೆಯ ಸದ್ದು ಸಿಕ್ಕಿತು. ಒಂದು ಹತ್ತಿರದ ಗುಡುಗು ಮಿಂಚಿನದು. ಇನ್ನೊಂದು ದೂರದ ಗುಡುಗಿನದು. ಮೂರನೆಯದು ಸುಯ್ಯೆನ್ನುವ, ಕ್ಷೀಣವಾದ, ಬಿಡದೆ ಬರುವ ಸದ್ದು. ಅದು ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯಲಿಲ್ಲ.

ಕಂಪನಿಗೆ ಮೊದಲೆರಡು ಸಾಕಿತ್ತು. ಜಾನ್ಸ್ಕಿಗೆ ಮೂರನೆಯದನ್ನು ಬಿಡಲು ಮನಸ್ಸಾಗಲಿಲ್ಲ. ಮೊದಲು ಅದು ಸೂರ್ಯನ ಜೊತೆಗೇ ಚಲಿಸುವಂತೆ ಕಂಡಿತು. ತಿಂಗಳುಗಳು ಕಳೆದಂತೆ ಸೂರ್ಯನನ್ನು ಬಿಟ್ಟು ಮುಂದೆ ಸರಿಯತೊಡಗಿತು. ದಿನಕ್ಕೆ ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಬೇಗ. ನಮ್ಮ ಅಜ್ಜಂದಿರಿಗೆ ಇದು ಹೊಸ ವಿಷಯವಲ್ಲ. ಒಂದೇ ನಕ್ಷತ್ರ ತಿಂಗಳಿಂದ ತಿಂಗಳಿಗೆ ಬೇಗ ಮೂಡುವುದನ್ನು ಅವರು ಹೊಲದಲ್ಲಿ ನಿಂತೇ ಕಂಡಿದ್ದರು. ಖಗೋಳಶಾಸ್ತ್ರ ಬಲ್ಲ ಸಹೋದ್ಯೋಗಿ ಸ್ಕೆಲೆಟ್ ಕೊಟ್ಟ ಸುಳಿವಿನಿಂದ ಜಾನ್ಸ್ಕಿಗೂ ಅದು ಹೊಳೆಯಿತು. 23 ಗಂಟೆ 56 ನಿಮಿಷಕ್ಕೊಮ್ಮೆ ಮರಳಿ ಬರುವ ಸದ್ದು ಭೂಮಿಯದಲ್ಲ, ಸೂರ್ಯನದೂ ಅಲ್ಲ. ಅದು ನಕ್ಷತ್ರಗಳ ನಡುವಿನಿಂದ, ಧನು ರಾಶಿಯ ದಿಕ್ಕಿನಿಂದ, ನಮ್ಮ ಆಕಾಶಗಂಗೆಯ ನಡುಭಾಗದ ಕಡೆಯಿಂದ ಬರುತ್ತಿತ್ತು.

1933ರ ಮೇ 5ರಂದು ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿ ಸುದ್ದಿ ಬಂತು. ಅದೇ ತಿಂಗಳು ರೇಡಿಯೋದಲ್ಲಿ ಆ ಸುಯ್ಯೆನ್ನುವ ಸದ್ದನ್ನೇ ಜನರಿಗೆ ಕೇಳಿಸಿದರು. ಆಗ ಜಾನ್ಸ್ಕಿಗೆ ಇನ್ನೂ 27 ವರ್ಷ. ನಾನು ಇಂಟರ್ನಲ್ಸ್‌ನಲ್ಲಿ ಸೊನ್ನೆ ತೆಗೆದಾಗ ನನಗೆ 21. ಈ ಲೆಕ್ಕ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಆತ ಆ ವರ್ಷ ಪ್ರಕಟಿಸಿದ ಒಂದು ಸಣ್ಣ ಲೆಕ್ಕ. ಆಕಾಶದಲ್ಲಿ ಒಂದು ಜಾಗ ಹೇಳಲು ಎರಡು ಸಂಖ್ಯೆ ಬೇಕು. ಭೂಪಟದ ರೇಖಾಂಶ, ಅಕ್ಷಾಂಶಗಳ ಹಾಗೆ. ಮೊದಲನೆಯದನ್ನು ಜಾನ್ಸ್ಕಿ 18 ಗಂಟೆ, ಅರ್ಧ ಗಂಟೆ ಆಚೀಚೆ ಎಂದು ಹೇಳಿದ. ಅಂದರೆ ತಪ್ಪಿದರೂ ಏಳೂವರೆ ಡಿಗ್ರಿಯೊಳಗೆ. ಎರಡನೆಯದನ್ನು ಮೈನಸ್ 10 ಡಿಗ್ರಿ, 30 ಡಿಗ್ರಿ ಆಚೀಚೆ ಎಂದ. ಒಂದರಲ್ಲಿ ಅಷ್ಟು ಖಚಿತ, ಇನ್ನೊಂದರಲ್ಲಿ ನಾಲ್ಕು ಪಟ್ಟು ಅನುಮಾನ. ಯಾಕೆ?

ಉತ್ತರ ಆ ತಂತಿಗಳಲ್ಲೇ ಇದೆ. ಸಾಲು ನೆಲದುದ್ದಕ್ಕೆ ಇತ್ತು. ಆದ್ದರಿಂದ ಎಡಬಲದ ದಿಕ್ಕನ್ನು ಅದು ಚೆನ್ನಾಗಿ ಕಿರಿದಾಗಿಸಿತು. ಎತ್ತರದ ಕಡೆಗೆ ಸಾಲು ಏನೂ ಸಹಾಯ ಮಾಡುವಂತಿರಲಿಲ್ಲ. ಅಲ್ಲಿ ಒಂಟಿ ತಂತಿಯ ಸ್ವಭಾವವೇ ಗತಿ. ವಡೆಯ ದಪ್ಪ ಎಷ್ಟೋ ಅಷ್ಟೇ. ಆ ಸದ್ದು ದಿಗಂತದಿಂದ ಎಷ್ಟು ಮೇಲಿದೆ ಎಂದು ಆ ಆಂಟೆನಾ ಬಾಯಿಬಿಟ್ಟು ಹೇಳಲೇ ಇಲ್ಲ. ಎಲ್ಲಿ ತನ್ನ ಉಪಕರಣ ಕುರುಡೋ ಅಲ್ಲಿ ಆತ ಅನುಮಾನವನ್ನು ಹಾಗೆಯೇ ಬರೆದಿಟ್ಟ, ಮುಚ್ಚಲಿಲ್ಲ. ಆಕಾಶಗಂಗೆಯ ಕೇಂದ್ರ ಇರುವುದು ಮೈನಸ್ 29 ಡಿಗ್ರಿಯಲ್ಲಿ. ಆತ ಬಿಟ್ಟ ಅಂತರದೊಳಗೇ ಅದು ಕೂರುತ್ತದೆ.

ಇನ್ನೊಂದು ಸ್ವಾರಸ್ಯ. ಹೋಮ್‌ಡೆಲ್‌ನಿಂದ ನೋಡಿದರೆ ಆ ಕೇಂದ್ರ ದಕ್ಷಿಣದಲ್ಲಿ ಹೆಚ್ಚೆಂದರೆ 21 ಡಿಗ್ರಿಯಷ್ಟು ಮೇಲೇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಹಾಗಾಗಿ ದಿಗಂತದಿಂದ ಬರೀ ಎರಡು ಮುಷ್ಟಿ. ನೆತ್ತಿಗೆ ಕಿವುಡಾಗಿ ಕೆಳಗಿನ ಆಕಾಶಕ್ಕೆ ಕಿವಿಗೊಡುವ ಆ ತಂತಿಗಳು ಸಮುದ್ರದಾಚೆಯ ಫೋನ್ ಮಾತಿಗೆಂದು ನಿಂತಿದ್ದವು. ಅದೇ ಸ್ವಭಾವ ಆಕಾಶಗಂಗೆಯ ಪಿಸುಮಾತಿಗೂ ಒದಗಿ ಬಂತು. ಎತ್ತರ ಹೇಳಲಾಗದ ಕೊರತೆ, ಸದ್ದು ಕೇಳಿಸಿದ ಭಾಗ್ಯ, ಎರಡೂ ಒಂದೇ ತಂತಿಯ ಗುಣ.

ಇಷ್ಟೆಲ್ಲ ಆದ ಮೇಲೆ ಮುಂದೇನಾಯಿತು ಎಂದು ಓದುವಾಗ ಬೇಸರವಾಯಿತು. ಜಾನ್ಸ್ಕಿ 1935ರಲ್ಲಿ ಇನ್ನೊಂದು ಪ್ರಬಂಧ ಬರೆದು, ಸದ್ದು ಇಡೀ ಆಕಾಶಗಂಗೆಯ ಪಟ್ಟಿಯಿಂದ ಬರುತ್ತಿದೆ, ಕೇಂದ್ರದ ಕಡೆ ಹೆಚ್ಚು ಎಂದು ತೋರಿಸಿದ. ಸುಮಾರು 30 ಮೀಟರ್ ಅಗಲದ ಡಿಶ್ ಕಟ್ಟೋಣ ಎಂಬ ಆಲೋಚನೆ ಮುಂದಿಟ್ಟ. ಅದು ನಡೆಯಲಿಲ್ಲ. ಅಮೆರಿಕದಲ್ಲಿ ಆಗ ಭೀಕರ ಆರ್ಥಿಕ ಕುಸಿತದ ಕಾಲ. ಫೋನ್ ಕಂಪನಿಗೆ ನಕ್ಷತ್ರದ ಸದ್ದಿನಿಂದ ಏನು ಲಾಭ? ಆತನಿಗೆ ಬೇರೆ ಕೆಲಸ ಹಚ್ಚಿದರು. ಖಗೋಳ ವಿಜ್ಞಾನಿಗಳಿಗೆ ರೇಡಿಯೋ ಗೊತ್ತಿರಲಿಲ್ಲ, ರೇಡಿಯೋ ಎಂಜಿನಿಯರ್‌ಗಳಿಗೆ ಆಕಾಶ ಬೇಕಿರಲಿಲ್ಲ. ಎಲ್ಲರೂ ತಮ್ಮ ತಮ್ಮ ದಿಕ್ಕಿಗೆ ಚೆನ್ನಾಗಿಯೇ ಕಿವಿಗೊಟ್ಟಿದ್ದರು. ಜಾನ್ಸ್ಕಿ ತೋರಿಸಿದ ದಿಕ್ಕಿಗೆ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಕಿವುಡಾಗಿದ್ದರು.

ಒಬ್ಬನಿಗೆ ಕೇಳಿಸಿತು. ಇಲಿನಾಯ್‌ನ ವೀಟನ್ ಎಂಬ ಊರಿನ ಗ್ರೋಟ್ ರೀಬರ್ 1937ರಲ್ಲಿ ಸ್ವಂತ ದುಡ್ಡಿನಿಂದ ಮನೆಯ ಹಿತ್ತಲಲ್ಲೇ ಡಿಶ್ ಕಟ್ಟಿಕೊಂಡು ಜಾನ್ಸ್ಕಿ ಬಿಟ್ಟಲ್ಲಿಂದ ಮುಂದುವರಿಸಿದ. ರೇಡಿಯೋ ಖಗೋಳ ವಿಜ್ಞಾನ ದೊಡ್ಡದಾಗಿ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ಅಷ್ಟು ಹೊತ್ತಿಗೆ ಜಾನ್ಸ್ಕಿಯ ದೇಹ ಸೋತಿತ್ತು. 1950ರ ಫೆಬ್ರುವರಿ 14ರಂದು ಆತ ತೀರಿಕೊಂಡ. ವಯಸ್ಸು 44. ಹೆಂಡತಿ, ಇಬ್ಬರು ಮಕ್ಕಳು. ರೇಡಿಯೋ ಖಗೋಳ ವಿಜ್ಞಾನಕ್ಕೆ ಮೊದಲ ನೊಬೆಲ್ ಬಂದದ್ದು 1974ರಲ್ಲಿ, ಬೇರೆಯವರಿಗೆ.

ಆಮೇಲೆ ಜಗತ್ತು ಆತನನ್ನು ನೆನೆಯಿತು. 1973ರಲ್ಲಿ ಆಕಾಶದಿಂದ ಬರುವ ರೇಡಿಯೋ ಶಕ್ತಿಯ ಅಳತೆಗೆ ಜಾನ್ಸ್ಕಿ ಎಂಬ ಹೆಸರೇ ನಿಂತಿತು. 2012ರಲ್ಲಿ ಅಮೆರಿಕದ ನ್ಯೂಮೆಕ್ಸಿಕೋದಲ್ಲಿರುವ ವೆರಿ ಲಾರ್ಜ್ ಅರೇಗೆ ಆತನ ಹೆಸರಿಟ್ಟರು. ಅಲ್ಲಿ ತಲಾ 25 ಮೀಟರ್ ಅಗಲದ 27 ಡಿಶ್‌ಗಳಿವೆ. ಆಕಾಶದ ಯಾವ ತುಣುಕನ್ನು ನೋಡಬಹುದು ಎಂಬುದನ್ನು ಒಂದೊಂದು ಡಿಶ್‌ನ ಸ್ವಭಾವ ಹೇಳುತ್ತದೆ. ಆ ತುಣುಕಿನೊಳಗೆ ಎಷ್ಟು ಸೂಕ್ಷ್ಮವಾಗಿ ನೋಡಬಹುದು ಎಂಬುದನ್ನು 27ರ ಗುಂಪು ಹೇಳುತ್ತದೆ. ಅದೇ ಗುಣಾಕಾರ, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಆ ಸೆಮಿಸ್ಟರ್ ಮುಗಿಯುವ ಮೊದಲು ಮೇಡಂ ನಮ್ಮನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋದರು. ಅಲ್ಲಿ ಬೆಂಗಳೂರಿನ ಎರಡು ಸಂಸ್ಥೆಗಳು, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ, ಸೇರಿ ಹಿಂದೆ ಸಾವಿರ ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹಾಸಿ 34.5 ಮೆಗಾಹರ್ಟ್ಸ್‌ನ ದೂರದರ್ಶಕ ಕಟ್ಟಿದ್ದವು. ಅದರ ಒಂದು ತೋಳೇ ಕಿಲೋಮೀಟರಿಗಿಂತ ಉದ್ದ. ಜಾನ್ಸ್ಕಿಯ ತಂತಿಗಳು ನಿಂತಿದ್ದವು, ಇಲ್ಲಿನವು ಮಲಗಿದ್ದವು, ಕೆಳಗೆ ಪ್ರತಿಫಲಿಸುವ ಜಾಲರಿ. ಯಾಕೆಂದರೆ ಇಲ್ಲಿ ಬೇಕಾದದ್ದು ನೆತ್ತಿಯ ಮೇಲಿನ ಆಕಾಶ. ಹೋಮ್‌ಡೆಲ್‌ನಲ್ಲಿ ದಿಗಂತಕ್ಕೆ ಅಂಟಿಕೊಂಡಂತಿದ್ದ ಆಕಾಶಗಂಗೆಯ ಕೇಂದ್ರ ನಮ್ಮ ಗೌರಿಬಿದನೂರಿನಲ್ಲಿ 47 ಡಿಗ್ರಿಯವರೆಗೆ ಏರುತ್ತದೆ. ಎತ್ತ ಕೇಳಬೇಕೆಂದು ಮೊದಲು ಒಂದು ತಂತಿಯ ಮಟ್ಟದಲ್ಲಿ ತೀರ್ಮಾನಿಸಿ, ಆಮೇಲೆ ಸಾವಿರ ಮಾಡಿದ್ದರು.

ಬಯಲಿನ ಬಿಸಿಲಲ್ಲಿ ನಿಂತು ನಾನು ನ್ಯೂಜೆರ್ಸಿಯ ಆ ಹೊಲವನ್ನು ನೆನೆದೆ. ಜೊತೆಗಾರರೇ ತಮಾಷೆಯ ಹೆಸರಿಟ್ಟ ಗಾಡಿ 20 ನಿಮಿಷಕ್ಕೊಂದು ಸುತ್ತು ಸುತ್ತುತ್ತಿದೆ. ಪಕ್ಕದಲ್ಲಿ ಕಾಯಿಲೆಯ ಹುಡುಗನೊಬ್ಬ ಯಾರಿಗೂ ಬೇಡದ ಮೂರನೆಯ ಸದ್ದಿಗೆ ಕಿವಿಗೊಟ್ಟು ಕೂತಿದ್ದಾನೆ. ಆತನ ಬೆನ್ನಿಗೆ ಸಾಲು ಇರಲಿಲ್ಲ. ಇದ್ದದ್ದು ಒಂದೇ ಎಲಿಮೆಂಟ್, ಆದರೆ ಅದು ಆ ದಿಕ್ಕಿಗೆ ಸೊನ್ನೆಯಾಗಿರಲಿಲ್ಲ. ಅದಕ್ಕೇ ಮುಂದೆ ಬಂದವರೆಲ್ಲ ಅದನ್ನು ಗುಣಿಸಿಕೊಳ್ಳುತ್ತಾ ಹೋಗಲು ಸಾಧ್ಯವಾಯಿತು.

ಮುಂದಿನ ಇಂಟರ್ನಲ್ಸ್‌ಗೆ ನಾವು ಆರು ಜನ ಮತ್ತೆ ಅದೇ ಕೊನೆಯ ರೂಮಿನಲ್ಲಿ ಸೇರಿದೆವು. ಈ ಸಲ ಒಂದು ಕರಾರಿತ್ತು. ಮೊದಲು ಒಬ್ಬೊಬ್ಬರೇ ಓದಿಕೊಂಡು ಬರಬೇಕು, ಆಮೇಲೆ ಕಂಬೈನ್ಡ್ ಸ್ಟಡಿ. ಒಬ್ಬನು ಓದದೆ ಬಂದಿದ್ದ. ಅವನನ್ನು ಟೀ ತರಲು ಕಳಿಸಿದೆವು.